ಮರೆಗುಳಿ ಕಾಯಿಲೆಯುಳ್ಳ ಹಿರಿಯರು ಒಂಟಿಯಾಗಿ ಹೊರಹೋಗುವುದು: ಕುಟುಂಬದವರಿಗೆ ಮಾಹಿತಿ

ಪೀಠಿಕೆ

ಡಿಮೆನ್ಶಿಯ ಅಥವಾ ಮರೆಗುಳಿ ಕಾಯಿಲೆಯು ವಯಸ್ಸಿನ ಸಹಜ ಮರೆವಲ್ಲ. ಇದು ಮೆದುಳಿನ ಕಾಯಿಲೆಗಳಿಂದ ಉಂಟಾಗುವ ಸ್ಥಿತಿಯಾಗಿದ್ದು, ಆಲ್‌ಝೈಮರ್ ಕಾಯಿಲೆಯು ಇದಕ್ಕೆ ಅತಿ ಸಾಮಾನ್ಯ ಕಾರಣವಾಗಿರುತ್ತದೆ. ಇದಕ್ಕೆ ಒಳಗಾದವರು ನಿತ್ಯ ನಡೆದ ರಸ್ತೆಯಲ್ಲಿಯೇ ದಾರಿ ತಪ್ಪಬಹುದು. ನಿವೃತ್ತರಾದವರು ಕಚೇರಿಗೆ ಹೊರಡುವುದು, ಸ್ವಂತ ಮನೆಯಲ್ಲಿದ್ದೂ "ಮನೆಗೆ ಹೋಗಬೇಕು" ಎನ್ನುವುದು ಹಠವಲ್ಲ, ಕಾಯಿಲೆಯ ಲಕ್ಷಣವಾಗಿರುತ್ತದೆ.

ಮನೆಯಲ್ಲಿಯೇ ಕೂಡಿಹಾಕಬಹುದೇ?

ಹಿರಿಯರನ್ನು ಒಳಗಿರಿಸಿ, ಬೀಗ ಹಾಕಿ ಎಲ್ಲರೂ ಹೊರಹೋಗುವುದು ಅಪಾಯಕರ. ಬೆಂಕಿ ಅನಾಹುತವಾದಲ್ಲಿ ಅಥವಾ ಅವರು ಬಿದ್ದಲ್ಲಿ ನೆರವು ದೊರೆಯುವುದಿಲ್ಲ. ಆರಂಭದ ಹಂತದಲ್ಲಿ ಹಾಲು ತರುವುದು, ದೇವಸ್ಥಾನಕ್ಕೆ ಹೋಗಿಬರುವುದು ಮುಂತಾದ ರೂಢಿಗಳನ್ನು ಸಂಪೂರ್ಣವಾಗಿ ನಿಲ್ಲಿಸಬೇಕಾಗಿಲ್ಲ. ಆದರೆ ಒಮ್ಮೆ ದಾರಿ ತಪ್ಪಿದಲ್ಲಿ ಅಥವಾ ರಸ್ತೆ ದಾಟುವಾಗ ವಾಹನಗಳನ್ನು ಗಮನಿಸದಿದ್ದಲ್ಲಿ, ಜೊತೆಯಲ್ಲಿ ಒಬ್ಬರು ಇರುವುದು ಅವಶ್ಯಕ.

ಮುನ್ನೆಚ್ಚರಿಕೆಗಳು

1. ಹೆಸರು ಹಾಗೂ ಕುಟುಂಬದ ಇಬ್ಬರ ದೂರವಾಣಿ ಸಂಖ್ಯೆಯುಳ್ಳ ಬಟ್ಟೆಯ ಪಟ್ಟಿಯನ್ನು ಉಡುಪಿನ ಒಳಭಾಗಕ್ಕೆ ಹೊಲಿಯುವುದು. ಜೇಬಿನಲ್ಲಿಟ್ಟ ಚೀಟಿ ಕಳೆದುಹೋಗಬಹುದು.
2. ನೆರೆಹೊರೆಯವರಿಗೆ, ಅಂಗಡಿಯವರಿಗೆ, ಆಟೋ ನಿಲ್ದಾಣದ ಚಾಲಕರಿಗೆ ವಿಷಯ ತಿಳಿಸುವುದು. ಸಂಕೋಚದಿಂದ ಕಾಯಿಲೆಯನ್ನು ಮುಚ್ಚಿಟ್ಟಲ್ಲಿ ಸಕಾಲದ ಸಹಾಯ ತಪ್ಪುತ್ತದೆ.
3. ಇತ್ತೀಚಿನ ಭಾವಚಿತ್ರ, ಎತ್ತರ, ಗುರುತಿನ ಮಚ್ಚೆ, ಹಿಂದೆ ವಾಸಿಸಿದ ಮತ್ತು ಕೆಲಸ ಮಾಡಿದ ಸ್ಥಳಗಳ ವಿವರವನ್ನು ಸಿದ್ಧವಾಗಿಟ್ಟುಕೊಳ್ಳುವುದು.
4. ಬಾಗಿಲು ತೆರೆದೊಡನೆ ಸದ್ದಾಗುವಂತೆ ಗಂಟೆ ಕಟ್ಟುವುದು. ಪ್ರತಿದಿನ ಜೊತೆಯಲ್ಲಿ ನಡಿಗೆಗೆ ಕರೆದೊಯ್ಯುವುದು.

ಕಾಣೆಯಾದಲ್ಲಿ ಕೈಗೊಳ್ಳಬೇಕಾದ ಕ್ರಮ

1. ಮನೆ, ಮಹಡಿ, ಸಂಪು ಹಾಗೂ ಅಕ್ಕಪಕ್ಕದ ಬೀದಿಗಳನ್ನು ಕೂಡಲೇ ನೋಡುವುದು.
2. ತಡಮಾಡದೆ 112ಕ್ಕೆ ಕರೆಮಾಡಿ, ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡುವುದು. ದೂರು ನೀಡಲು 24 ಗಂಟೆ ಕಾಯಬೇಕಾಗಿಲ್ಲ.
3. ಅವರು ತಾವಾಗಿಯೇ ಮರಳಬಹುದಾದ್ದರಿಂದ ಒಬ್ಬರು ಮನೆಯಲ್ಲಿಯೇ ಇರುವುದು.
4. ಹಳೆಯ ಮನೆ, ಹಳೆಯ ಕಚೇರಿ, ಬಸ್ ನಿಲ್ದಾಣ, ರೈಲು ನಿಲ್ದಾಣ ಹಾಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸುವುದು.
5. ಸಿಕ್ಕಿದ ನಂತರ ಗದರಿಸದೆ, ನೀರು ಕೊಟ್ಟು, ಗಾಯಗಳಾಗಿವೆಯೇ ಎಂದು ಪರೀಕ್ಷಿಸಿ, ವೈದ್ಯರಿಗೆ ತೋರಿಸುವುದು.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ತೊಂದರೆಯೂ ಒಳಗೊಂಡಿದೆ. ಇಂತಹ ವ್ಯಕ್ತಿಯು ತನ್ನನ್ನು ನೋಡಿಕೊಳ್ಳಲಾಗದೆ ಅಲೆಯುತ್ತಿರುವುದು ಕಂಡುಬಂದಲ್ಲಿ ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಸಮೀಪದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು ಹಾಗೂ ಕುಟುಂಬವನ್ನು ಪತ್ತೆಹಚ್ಚುವುದು ಕಲಂ 100ರ ಮೇರೆಗೆ ಪೊಲೀಸರ ಕರ್ತವ್ಯವಾಗಿರುತ್ತದೆ.

ದೊರೆಯುವ ಸೇವೆಗಳು

• ತುರ್ತು ನೆರವು: 112
• ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567 (ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ)
• ಟೆಲಿ ಮಾನಸ್ ಆಪ್ತಸಮಾಲೋಚನೆ: 14416 (ದಿನದ 24 ಗಂಟೆ)
• ಹಿರಿಯ ನಾಗರಿಕರ ಗುರುತಿನ ಚೀಟಿ: 60 ವರ್ಷ ತುಂಬಿದವರು ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬಹುದು.

ಸೂಚನೆ: ಹಗಲಿರುಳು ಕಾಯುವ ಆರೈಕೆದಾರರಿಗೂ ವಿಶ್ರಾಂತಿ ಅವಶ್ಯಕ. ಆರೈಕೆಯ ಹೊಣೆಯನ್ನು ಒಬ್ಬರ ಮೇಲೆಯೇ ಹೊರಿಸದೆ ಕುಟುಂಬದ ಸದಸ್ಯರು ಹಂಚಿಕೊಳ್ಳಬೇಕೆಂದು ಕೋರಲಾಗಿದೆ.