ಸೇರು: ಅಳತೆಯೋ, ತೂಕವೋ? ಕಾಸರಗೋಡಿನ ಅಡಿಗೆಮಾತಿನ ಮಾನಶಬ್ದಗಳು

ಪದಸಂಗ್ರಹ ಮಾಡುವಾಗ ‘ಸೇರು’ ಶಬ್ದಕ್ಕೆ ‘933 ಗ್ರಾಂ’ ಎಂದು ಅರ್ಥ ಬರೆದುಬಿಟ್ಟರೆ ಕೆಲಸ ಮುಗಿಯಿತು ಅಂತ ತೋರುತ್ತದೆ. 80 ತೊಲ ತೂಕದ ಸೇರಿಗೆ ಅದು ಸರಿಯೇ. ಆದರೆ ಕಾಸರಗೋಡಿನ ಅಡಿಗೆಮನೆಯಲ್ಲಿ ಅಕ್ಕಿಯ ಸೇರು ತೂಕವೇ ಅಲ್ಲ, ಅದೊಂದು ಪಾತ್ರೆ. ಈ ಭೇದವನ್ನು ಬರೆದಿಡದಿದ್ದರೆ ನಮ್ಮ ಹಿರಿಯರ ಅಡಿಗೆಪಟ್ಟಿಗಳನ್ನು ಮುಂದಿನವರು ಓದಿಯಾರು, ಆದರೆ ಅಡಿಗೆ ಮಾಡಲಾರರು.

ತೂಗುವ ಮಾನ ಬೇರೆ, ಅಳೆಯುವ ಮಾನ ಬೇರೆ ಎಂಬ ವಿವೇಕ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ 200 ಪಲ ತೂಕದ ಉದ್ದು ಹಿಡಿಯುವ ಮಾನವೇ ಒಂದು ದ್ರೋಣ. ಅದರ ಕಾಲುಭಾಗ ಆಢಕ, ಆಢಕದ ಕಾಲು ಪ್ರಸ್ಥ, ಪ್ರಸ್ಥದ ಕಾಲು ಕುಡುಬ. ಭಾಸ್ಕರಾಚಾರ್ಯರ ಲೀಲಾವತಿ ಧಾನ್ಯದ ಹೆಸರೆತ್ತದೆ ಒಂದು ಘನಹಸ್ತದ ಪಾತ್ರೆಯನ್ನು ಖಾರಿ ಎನ್ನುತ್ತದೆ. ದ್ರೋಣ ಅದರ ಹದಿನಾರನೆಯ ಒಂದು ಭಾಗ. ಕೌಟಿಲ್ಯನಲ್ಲಿ ಅಳತೆ ತೂಕದಿಂದ ಹುಟ್ಟುತ್ತದೆ ನಿಜ, ಆದರೆ ಯಾವ ಧಾನ್ಯದ ತೂಕ ಎಂದು ಹೇಳಿಯೇ ಹುಟ್ಟುತ್ತದೆ. ಧಾನ್ಯದ ಹೆಸರು ಬಿಟ್ಟರೆ ಲೆಕ್ಕವೇ ನಿಲ್ಲುವುದಿಲ್ಲ.

ನಮ್ಮ ಹೆಂಗಸರು ಹೇಳುವ ‘ಕುಡ್ತೆ’ಯನ್ನು ಈ ಕುಡುಬಕ್ಕೆ ಜೋಡಿಸುವ ಆಸೆ ಸಂಸ್ಕೃತ ಓದಿದವರಿಗೆ ಸಹಜ. ಆದರೆ ಬಗ್ಗಿಸಿ ಹಿಡಿದ ಅಂಗೈ ಎಂಬರ್ಥದ ಕನ್ನಡದ ‘ಕುಡಿತೆ’ ಹತ್ತಿರವೇ ಇರುವಾಗ ಅಷ್ಟು ದೂರ ಹೋಗಬೇಕಾಗಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸು ಕೋಷ್ಟಕದಲ್ಲಿ 3 ತೊಲಕ್ಕೆ ಒಂದು ಪಲ, 8 ಪಲಕ್ಕೆ ಒಂದು ಸೇರು, 5 ಸೇರಿಗೆ ಒಂದು ವೀಸೆ. 24 ತೊಲದ ಈ ಸೇರು ಈಗಿನ 280 ಗ್ರಾಂ. ಹೀಗೆ ಒಂದೇ ಶಬ್ದಕ್ಕೆ ಮೂರು ಅರ್ಥವಾಯಿತು: 280 ಗ್ರಾಂ, 933 ಗ್ರಾಂ, ಮತ್ತೊಂದು ಪಾತ್ರೆ. ‘ಒಂದು ಸೇರು ಅಕ್ಕಿಗೆ ಒಂದು ಸೇರು ಬೆಲ್ಲ’ ಅಂದರೆ ಅಕ್ಕಿಯನ್ನು ಅಳೆದದ್ದು, ಬೆಲ್ಲವನ್ನು ತೂಗಿದ್ದು ಇರಬಹುದು. ಆಡುವವರಿಗೆ ಸಂದೇಹವಿರಲಿಲ್ಲ, ಸಂದೇಹವೆಲ್ಲ ಓದುವವರಿಗೆ.

1956ರ ನವೆಂಬರ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರದಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂತು. 1958ರಿಂದ ಹಂತಹಂತವಾಗಿ ಕಿಲೋ, ಲೀಟರು ಅಂಗಡಿಗೆ ಬಂದವು. ಪಾತ್ರೆಗಳು ಅಟ್ಟ ಸೇರಿದವು, ಶಬ್ದಗಳು ಮಾತ್ರ ಬಾಯಲ್ಲಿ ಉಳಿದವು.

ಇದರ ಪರಿಣಾಮ ತಿಳಿಯಬೇಕಾದರೆ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ನೋಡಬಹುದು. ಸಪಾದ ಅಂದರೆ ಕಾಲುಸಹಿತ, ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು ಎಲ್ಲವೂ ಒಂದೂಕಾಲು. ಸಂಖ್ಯೆ ಉಂಟು, ಮಾನದ ಹೆಸರಿಲ್ಲ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಪಾತ್ರೆ ಸಣ್ಣದಿರಲಿ ದೊಡ್ಡದಿರಲಿ, ಹದ ಕೆಡುವುದಿಲ್ಲ. ಈಗ ರವೆಯನ್ನು ಒಂದೂಕಾಲು ಕಿಲೋ, ಹಾಲನ್ನು ಒಂದೂಕಾಲು ಲೀಟರು ತರುತ್ತಾರೆ. ಒಂದು ಲೀಟರು ಪಾತ್ರೆಯಲ್ಲಿ ರವೆ ಹಿಡಿಯುವುದು ಸುಮಾರು 700 ಗ್ರಾಂ. ಹಾಗಾಗಿ ಒಂದೂಕಾಲು ಕಿಲೋ ರವೆ ಒಂದೂಮುಕ್ಕಾಲು ಲೀಟರಿಗೂ ಹೆಚ್ಚಾಯಿತು. ಹಾಲು ಸಾಲದೆ ಭಕ್ಷ್ಯ ಗಟ್ಟಿಯಾಗುತ್ತದೆ, ದೂರು ಅಡಿಗೆಯವರ ಮೇಲೆ ಬರುತ್ತದೆ. ಒಂದೂಕಾಲು ಲೀಟರು ಹಾಲಿಗೆ ತೂಕದಲ್ಲಿ ಸುಮಾರು 875 ಗ್ರಾಂ ರವೆ, 1060 ಗ್ರಾಂ ಸಕ್ಕರೆ, 1140 ಗ್ರಾಂ ತುಪ್ಪ ಎಂದು ಹಿಡಿದರೆ ಹಳೆಯ ಸಮಪಾಲು ಉಳಿಯುತ್ತದೆ.

ಆದುದರಿಂದ ಪದ ಸಂಗ್ರಹಿಸುವ ಮಿತ್ರರು ಪ್ರತಿ ಮಾನಶಬ್ದಕ್ಕೂ ನಾಲ್ಕು ಪ್ರಶ್ನೆ ಕೇಳಬೇಕು. ಯಾವ ವಸ್ತುವಿಗೆ? ಅಳೆಯುವುದೋ, ತೂಗುವುದೋ? ಪಾತ್ರೆಯ ಅಂಚಿಗೆ ಸಮವೋ, ಮೇಲೆ ರಾಶಿಯೋ? ಪಾತ್ರೆ ಮನೆಯಲ್ಲಿ ಇನ್ನೂ ಉಂಟೋ? ಇದ್ದರೆ ಬರಿದೆ ಒಮ್ಮೆ, ನೀರು ತುಂಬಿ ಒಮ್ಮೆ ತೂಗಿ ನೋಡಿ. ನೀರು ಎಷ್ಟು ಗ್ರಾಮೋ ಪಾತ್ರೆ ಹೆಚ್ಚುಕಡಿಮೆ ಅಷ್ಟು ಮಿಲಿಲೀಟರಿನದು. ಆ ಸಂಖ್ಯೆಯ ಜತೆಗೆ ಊರಿನ ಹೆಸರನ್ನೂ ಬರೆದುಕೊಳ್ಳಿ. ಆ ಪಾತ್ರೆಯಲ್ಲಿ ಅಳೆದು ಉಣಬಡಿಸಿದ ಕೈಗಳು ಇರುವಾಗಲೇ ಈ ಕೆಲಸ ಆಗಬೇಕು.