ಕೋಶದ ವಿದ್ಯುತ್ತನ್ನು ಕಾಣಿಸಿದ ಬಣ್ಣಗಳು

ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಎದೆಬೇನೆಯವರು ವಿಜಯಪುರದ ದವಾಖಾನೆಗೆ ಬಂದರೆ, ಅವರ ಹೃದಯದ ವಿದ್ಯುತ್ತು ಕಾಗದದ ಮೇಲೆ ಗೆರೆಯಾಗಿ ಮೂಡುವದು. ಅದು ಇಡೀ ಹೃದಯದ ಸುದ್ದಿಯೇ ಹೊರತು ಒಂದೊಂದು ಕೋಶದ್ದಲ್ಲ. ವಿಶ್ರಾಂತಿಯಲ್ಲಿರುವ ನರಕೋಶದ ಪೊರೆಯ ಒಳಹೊರಗುಗಳ ನಡುವೆ ಇರತಕ್ಕ ಅಂತರವಾದರೂ ವೋಲ್ಟಿನ ಸಾವಿರದಲ್ಲಿ ಸುಮಾರು 70 ಪಾಲು ಮಾತ್ರ. ಹಾಡ್ಜ್‌ಕಿನ್, ಹಕ್ಸ್‌ಲೀ ಎಂಬ ಆಂಗ್ಲ ಪಂಡಿತರು 1952ರಲ್ಲಿ ಪ್ರಕಟಿಸಿದ ಅದರ ನಿಯಮಗಳು, ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರದೊಳಗೆ ತಂತಿ ತೂರಿಸಿ ಕಂಡುಕೊಂಡವು. ಸಣ್ಣ ಕೋಶಗಳ ಸಮೂಹಕ್ಕೆ ಎಷ್ಟೆಂದು ತಂತಿ ಚುಚ್ಚುವದು?

1968ರಲ್ಲಿ ತಾಸಾಕಿ ಮತ್ತು ಸಂಗಡಿಗರು, ಬಣ್ಣ ಹಿಡಿಸಿದ ನರವು ಉದ್ರೇಕಗೊಂಡಾಗ ಅದರ ಹೊಳಪು ಬದಲಾಗುವದನ್ನು ತೋರಿಸಿದರು. ಪೊರೆಯಲ್ಲಿ ನೆಲಸಿದ ಬಣ್ಣವು ವೋಲ್ಟಿನ ಏರಿಳಿತಕ್ಕೆ ತಕ್ಕಂತೆ ಬೆಳಗುವದು. ಆದರೆ ಆ ಬದಲು ಅತ್ಯಲ್ಪ. ತಕ್ಕ ಬಣ್ಣಕ್ಕಾಗಿ ಕೋಹೆನ್ ಮೊದಲಾದವರು ನೂರಾರು ಬಣ್ಣಗಳನ್ನು ಪರೀಕ್ಷಿಸಬೇಕಾಯಿತು. 1973ರಲ್ಲಿ ಸಾಲ್ಜ್‌ಬರ್ಗ್, ಡಾವಿಲಾ, ಕೋಹೆನ್ ಈ ಮೂವರು ಮೆರೊಸಯನಿನ್ ಎಂಬ ಬಣ್ಣದಿಂದ ಜಿಗಣೆಯ ಒಂಟಿ ನರಕೋಶದ ಮಿಡಿತವನ್ನು ಬೆಳಕಿನಲ್ಲಿಯೇ ಓದಿದರು. ಆ ವರ್ಗದ ಬಣ್ಣಗಳು ಮೊದಲು ಬಳಕೆಗೆ ಬಂದದ್ದು ಛಾಯಾಚಿತ್ರದ ಫಿಲ್ಮಿಗಾಗಿ! ತೊಡಕೂ ಇತ್ತು: ಬೆಳಕು ಬಿದ್ದ ಬಣ್ಣವೇ ಕೋಶಕ್ಕೆ ವಿಷವಾಗುತ್ತಿತ್ತು.

1976ರಲ್ಲಿ ಸಲಾಮಾ, ಮೊರಾದ್ ಇದೇ ವಿದ್ಯೆಯನ್ನು ಕಪ್ಪೆಯ ಹೃದಯಕ್ಕೆ ಹಚ್ಚಿದರು. ಮುಂದೆ, ಲಯಗೆಟ್ಟ ಪ್ರಾಣಿಹೃದಯದಲ್ಲಿ ವಿದ್ಯುತ್ತಿನ ಅಲೆಯು ಸುಳಿಯಾಗಿ ತಿರುಗುವದು ಕಣ್ಣಿಗೇ ಕಂಡಿತು. ರೋಗಿಯ ಎದೆಗೆ ಇಂದಿಗೂ ಹಚ್ಚುವದು ತಂತಿಯನ್ನೇ. ಮಿಡಿಯುವ ಮನುಷ್ಯಹೃದಯಕ್ಕೆ ಈ ಬಣ್ಣ ಹಾಕುವ ರೂಢಿ ದವಾಖಾನೆಗಳಿಗೆ ಬಂದಿಲ್ಲ.