ವಲಸೆ

ವಲಸೆ: ಹಕ್ಕಿಗಳ ಋತುಯಾನಕ್ಕೂ ಕೂಲಿಯನ್ನರಸುವವರ ಪಯಣಕ್ಕೂ ಇಂದು ಸಲ್ಲುವ, ಪತ್ರಿಕೆಗಳಲ್ಲಿ ರಾಜಕಾರಣಿಗಳ ಪಕ್ಷಾಂತರಕ್ಕೂ ಅಂಟಿಕೊಂಡಿರುವ ಈ ಪದಕ್ಕೆ ಶತ್ರುಸೈನ್ಯದ ಭಯದಿಂದ ಮನೆಮಠಗಳನ್ನು ತೊರೆದು ಹೋಗುವುದೆಂಬುದು ಹಳೆಯ ಅರ್ಥ; ತಮಿಳಿನ ‘ವಲಸೈ’, ತೆಲುಗಿನ ‘ವಲಸ’ ಇದರ ಸೋದರರೂಪಗಳು, ಅವುಗಳಲ್ಲಿಯೂ ಅದೇ ಭೀತಿ ಅಡಗಿದೆ.

ಅಮೆರಿಕದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನಗಳ ವಂಶಾವಳಿಯನ್ನು ಶೋಧಿಸುವವರು ಈ ಮೂಲಾರ್ಥವನ್ನು ಮರೆಯತಕ್ಕದ್ದಲ್ಲ. ಇಂಗ್ಲೆಂಡಿನಲ್ಲಿ ಸೆರೆವಾಸವನ್ನೂ ದಂಡವನ್ನೂ ಅನುಭವಿಸಿದ ಆ ಪಂಥದವರಿಗೆ, 1681ರಲ್ಲಿ ಅದೇ ಪಂಥದ ವಿಲಿಯಂ ಪೆನ್ನನು ರಾಜಶಾಸನದಿಂದ ಪಡೆದ ಪೆನ್ಸಿಲ್ವೇನಿಯವು ಆಶ್ರಯಭೂಮಿಯಾಯಿತು. ಊರು ಬಿಡುವ ಕುಟುಂಬಕ್ಕೆ, ಇವರ ನಡತೆ ನಿರ್ಮಲ, ಸಾಲಸೋಲಗಳು ತೀರಿವೆ ಎಂದು ಅಲ್ಲಿಯ ಕ್ವೇಕರ್ ಸಭೆಯು ಬರೆದುಕೊಡುತ್ತಿದ್ದ, ಹೊಸ ಊರಿನ ಸಭೆಯು ತನ್ನ ದಫ್ತರದಲ್ಲಿ ನಮೂದಿಸುತ್ತಿದ್ದ ಪತ್ರಗಳೇ ಇಂದು ವಂಶಶೋಧಕರಿಗೆ ಅಮೂಲ್ಯ ಆಧಾರ. ಇಂಥದೇ ಕ್ವೇಕರ್ ಮನೆತನದಲ್ಲಿ ಹುಟ್ಟಿದ ಗಡಿನಾಡಿನ ಸಾಹಸಿ ಡೇನಿಯಲ್ ಬೂನನ ಅಜ್ಜ ಜಾರ್ಜ್ 1717ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತವನ್ನು ತೊರೆದು ಬಂದನು. ಮಕ್ಕಳು ಪಂಥದ ಹೊರಗೆ ವಿವಾಹವಾದುದರಿಂದ ಸಭೆಯ ಬಹಿಷ್ಕಾರಕ್ಕೆ ಗುರಿಯಾದ ಡೇನಿಯಲನ ತಂದೆ ಸ್ಕ್ವೈರ್, 1750ರಲ್ಲಿ ಪೆನ್ಸಿಲ್ವೇನಿಯವನ್ನೂ ಬಿಟ್ಟು ಉತ್ತರ ಕೆರೊಲಿನದ ಕಡೆಗೆ ಸಂಸಾರಸಮೇತ ನಡೆದನು.

ಇಂಥ ನೋವಿನ ಪಯಣಗಳಿಗೆ ಸಲ್ಲಬೇಕಾದ ಪದವನ್ನು ಅಧಿಕಾರದಾಸೆಯ ಪಕ್ಷಾಂತರಕ್ಕೆ ತೊಡಿಸುವುದು ಸರ್ವಥಾ ಅನುಚಿತ.